ಚಕ್ಕುಬಂದಿ ಇಲ್ಲದ ಪಹಣಿ

(ಹೋದ ತಿಂಗಳು ಮೆಲ್ಬರ್ನ್‌ನಲ್ಲಿ ನಾವು ಕನ್ನಡದವರು ಭಾನುವಾರ ಸೇರಿದ್ದಾಗ ನಾನು ಮಾತಾಡಿದ್ದನ್ನ ಬರೆದುಕೊಡಿ ಅಂತ ಇಬ್ಬರು ಮೂವರು ಕೇಳಿದ್ರು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ.

ಈಗ ತಾನೆ ಕಾರ್ಯಕ್ರಮ ಶುರು ಮಾಡೋವಾಗ ಒಂದು ಮಾತು ಓದಿದ್ರಲ್ಲ, ಈ ನೆಲ ಇಲ್ಲಿಯ ಮೂಲನಿವಾಸಿಗಳಾದ ಕುಲಿನ್ ನಾಡಿನ ವುರುಂಡ್ಜೆರಿ ಜನರದು, ಅವರ ಹಿರಿಯರಿಗೆ ನಮ್ಮ ಗೌರವ ಅಂತ. ನಾವೆಲ್ಲ ಇದನ್ನ ಆಫೀಸಲ್ಲಿ ಪ್ರತಿ ದೊಡ್ಡ ಮೀಟಿಂಗ್‌ನಲ್ಲೂ ಕೇಳ್ತೀವಿ, ನಮ್ಮ ಮಕ್ಕಳು ಸ್ಕೂಲಲ್ಲಿ ಬಾಯಿಪಾಠ ಒಪ್ಪಿಸ್ತಾರೆ, ನಾನಂತೂ ಬಂದ ಹೊಸದರಲ್ಲಿ ಇದನ್ನ ವಿಮಾನದಲ್ಲಿ ಸೀಟ್ ಬೆಲ್ಟ್ ಬಗ್ಗೆ ಹೇಳ್ತಾರಲ್ಲ ಅದನ್ನ ಕೇಳೋ ಹಾಗೆ ಕೇಳ್ತಿದ್ದೆ, ಅಂದ್ರೆ ಕೇಳ್ತಾನೇ ಇರ್ಲಿಲ್ಲ. ನೆಲ ಅವರದು ಅಂದ್ರೆ ಹೇಗೆ ಅವರದು, ಯಾವ ಕಾಗದದಲ್ಲಿ ಅವರದು ಅನ್ನೋ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳು, ಅಂದ್ರೆ ಅಬೊರಿಜಿನಲ್ ಜನ, ಬಣ್ಣದಲ್ಲಿ ಬಿಡಿಸಿದ ಒಂದು ಚಿತ್ರ ನೋಡಿದ ಮೇಲೆ. ಇವತ್ತಿನ ಮಾತೆಲ್ಲ ಆ ಪ್ರಶ್ನೆ ಬಗ್ಗೇನೇ.

ಶುರು ಮಾಡೋ ಮುಂಚೆ ಇನ್ನೊಂದು. ನಾನು ಇವತ್ತು ತೀರಿಹೋದ ಕೆಲವು ಕಲಾವಿದರ ಹೆಸರು ಹೇಳ್ತೀನಿ. ಮರುಭೂಮಿಯ ಊರುಗಳಲ್ಲಿ ಯಾರಾದ್ರೂ ತೀರಿಕೊಂಡ್ರೆ ಎಷ್ಟೋ ಕಾಲ ಅವರ ಹೆಸರು ಎತ್ತೋದಿಲ್ಲ, ಅದೇ ಹೆಸರಿನ ಬೇರೆಯವರಿದ್ರೆ ಅವರನ್ನೂ ಬೇರೆ ಪದದಿಂದ ಕರೀತಾರೆ. ನಾನು ಹೇಳೋ ಹೆಸರುಗಳು ಈಗ ಮ್ಯೂಸಿಯಂ ಗೋಡೆ ಮೇಲೆ ಅಚ್ಚಾಗಿರೋವು, ಆದ್ರೂ ಆ ಪದ್ಧತಿ ನೆನಪಿರಲಿ ಅಂತ ಹೇಳ್ದೆ.

ಆ ಜನರ ಚಿತ್ರದ ಮೊದಲನೇ ಸ್ಲೈಡ್ ಹಾಕಿದ ತಕ್ಷಣ ಮುಂದಿನ ಸಾಲಲ್ಲಿ ಒಂದು ಮಗು "ಅಮ್ಮಾ, ರಂಗೋಲಿ!" ಅಂತು, ಕೇಳಿಸ್ತು ನಂಗೆ. ಚುಕ್ಕಿ, ಸುತ್ತು, ಎಳೆ ಎಲ್ಲಾ ಇದೆ, ಅದೂ ನೆಲದ ಮೇಲೇ ಹುಟ್ಟಿದ್ದು, ಹಾಗಾಗಿ ರಂಗೋಲಿ ಅನ್ಸೋದು ಸಹಜ, ನಂಗೂ ಹಾಗೇ ಅನ್ಸಿತ್ತು. ಆದ್ರೆ ಒಂದು ವ್ಯತ್ಯಾಸ ಹೇಳ್ತೀನಿ ಕೇಳಿ. ನಮ್ಮಲ್ಲಿ ಪಕ್ಕದ ಮನೆ ಪದ್ಮಮ್ಮನ ಹದಿನೈದು ಚುಕ್ಕಿ ರಂಗೋಲಿ ಚೆನ್ನಾಗಿದ್ರೆ ನಾಳೆ ಬೆಳಿಗ್ಗೆ ನಮ್ಮ ಬಾಗಿಲಲ್ಲೂ ಅದೇ ಬಿಡ್ತೀವಿ, ಯಾರೂ ಜಗಳಕ್ಕೆ ಬರಲ್ಲ, ವಾರಪತ್ರಿಕೆಯವರೂ ಅಚ್ಚು ಹಾಕಿ ಹಂಚ್ತಾರೆ. ಅಲ್ಲಿ ಇನ್ನೊಬ್ಬರ ಚಿತ್ರ ಬಿಡಿಸಿದ್ರೆ ಇನ್ನೊಬ್ಬರ ಹೊಲ ಉತ್ತ ಹಾಗೆ. ಕೆಲವು ಸಲ ಅದಕ್ಕಿಂತ ದೊಡ್ಡ ತಪ್ಪು. ಹಾಗಾಗಿ ಈ ಚಿತ್ರಗಳ ಮುಂದೆ ನಿಂತಾಗ ನಮ್ಮ ಬಾಯಿಗೆ ಮೊದಲು ಬರೋ ಪ್ರಶ್ನೆ, "ಇದರ ಅರ್ಥ ಏನು?" ಅನ್ನೋದು, ಆಮೇಲಿಂದು. ಮೊದಲು ಕೇಳಬೇಕಾಗಿದ್ದು ಇದನ್ನ ಬಿಡಿಸೋ ಹಕ್ಕು ಯಾರದು, ಯಾರ ಕಡೆಯಿಂದ ಬಂತು ಅಂತ.

ಸರಿ, ಮರಳಿಂದ ಶುರು ಮಾಡೋಣ. ಆಸ್ಟ್ರೇಲಿಯಾದ ನಟ್ಟನಡುವೆ ಇರೋ ಊರು ಆಲಿಸ್ ಸ್ಪ್ರಿಂಗ್ಸ್, ಅದರ ಸುತ್ತಮುತ್ತ, ಅದರ ಪಶ್ಚಿಮಕ್ಕೆ ನೂರಾರು ಕಿಲೋಮೀಟರ್ ಕೆಂಪು ಮರಳು. ಅಲ್ಲಿ ಹೆಂಗಸರು ಮಕ್ಕಳಿಗೆ ಕಥೆ ಹೇಳೋವಾಗ ಮುಂದೆ ಮರಳನ್ನ ಅಂಗೈಯಲ್ಲಿ ಸವರಿ ಬೆರಳಲ್ಲಿ ಗೀಚ್ತಾ ಹೇಳ್ತಾರೆ, ಒಂದು ಸನ್ನಿವೇಶ ಮುಗಿದ್ರೆ ಮತ್ತೆ ಸವರಿ ಮುಂದಿನದು. ಇಂಗ್ಲಿಷ್ ಯು ಅಕ್ಷರದ ಥರ ಒಂದು ಗುರುತು ಕಾಣುತ್ತಲ್ಲ, ಅದು ಕೂತಿರೋ ಮನುಷ್ಯ. ಯಾಕೆ ಅಂದ್ರೆ ಮರಳಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಎದ್ದು ಹೋದ್ರೆ ಉಳಿಯೋ ಅಚ್ಚು ಅದೇ ಆಕಾರ, ಬೀಚ್‌ಗೆ ಹೋದಾಗ ಮಾಡಿ ನೋಡಿ. ಪಕ್ಕದಲ್ಲಿ ನೆಟ್ಟಗೆ ಒಂದು ಗೆರೆ ಇದ್ರೆ ಗೆಡ್ಡೆ ಅಗೆಯೋ ಕೋಲು, ಹಾಗಾಗಿ ಕೂತಿರೋಳು ಹೆಂಗಸು. ಒಂದರೊಳಗೊಂದು ಸುತ್ತು ಅಂದ್ರೆ ನೀರಿನ ಜಾಗ ಅಥವಾ ಬೀಡು ಬಿಟ್ಟ ಜಾಗ, ಎರಡು ಸುತ್ತಿನ ಮಧ್ಯೆ ಗೆರೆ ಅಂದ್ರೆ ನಡೆದ ದಾರಿ, ಬಾಣದ ಥರ ಇರೋದು ಎಮು ಹಕ್ಕಿ ಹೆಜ್ಜೆ. ಕಾಂಗರೂ ಹೆಜ್ಜೆ ಆದ್ರೆ ಎರಡು ಪಾದದ ಮಧ್ಯೆ ಬಾಲ ಎಳೆದ ಗೆರೆ ಇರುತ್ತೆ. ಅಂದ್ರೆ ಎಲ್ಲವೂ ಮೇಲಿಂದ ನೋಡಿದ್ದು, ಪ್ರಾಣಿಯನ್ನ ಬಿಡಿಸೋದಿಲ್ಲ, ಪ್ರಾಣಿ ನೆಲದ ಮೇಲೆ ಬಿಟ್ಟುಹೋದ ಗುರುತನ್ನ ಬಿಡಿಸ್ತಾರೆ. ಬೇಟೆಯಾಡಿ ಬದುಕಿದ ಜನ, ಹೆಜ್ಜೆ ಓದೋದೇ ಅವರ ಅಕ್ಷರಾಭ್ಯಾಸ.

ಇದಿಷ್ಟನ್ನ ಗಿಫ್ಟ್ ಅಂಗಡಿಯ ಪೋಸ್ಟ್‌ಕಾರ್ಡ್ ಹಿಂದೆ ಕೂಡ ಬರೆದಿರ್ತಾರೆ. ಅದನ್ನ ಇಟ್ಕೊಂಡು ಚಿತ್ರ ಓದೋಕೆ ಹೋದ್ರೆ ಅರ್ಧ ದಾರೀಲಿ ನಿಲ್ತೀರ, ಒಂದೇ ಸುತ್ತು ಒಂದು ಚಿತ್ರದಲ್ಲಿ ನೀರು, ಇನ್ನೊಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಹೊಟ್ಟೇಲಿ ಸಿಹಿ ರಸ ತುಂಬ್ಕೊಳ್ಳೋ ಜೇನಿರುವೆಯ ಗೂಡು, ಯಾವುದು ಅಂತ ಹೇಳೋದಕ್ಕೆ ಆ ಜಾಗದವರೇ ಬೇಕು.

ಒಂದು ಸಣ್ಣ ವಿಷಯಾಂತರ, ಕನ್ನಡದವರ ಮುಂದೆ ಇದನ್ನ ಹೇಳ್ದೆ ಇರೋಕಾಗಲ್ಲ. ನಾವೆಲ್ಲ ಚಿಕ್ಕವರಿದ್ದಾಗ ಕ ಖ ಗ ಘ ಙ ಅಂತ ಕಲಿತ್ವಿ, ಆ ಙ ಪಾಪ ಅಲ್ಲಿಂದ ಮುಂದೆ ಎಲ್ಲೂ ಕೆಲಸಕ್ಕೆ ಬರಲಿಲ್ಲ. ಮರುಭೂಮಿಯ ಭಾಷೆಗಳಲ್ಲಿ ಎಷ್ಟೋ ಪದ ಶುರುವಾಗೋದೇ ಙದಿಂದ. ಮನೆ, ಬೀಡು, ನಾಡು ಎಲ್ಲಕ್ಕೂ ಒಂದೇ ಪದ, ಙುರ. ಇಲ್ಲಿಯ ಇಂಗ್ಲಿಷ್ ಜನ ಅದನ್ನ ಹೇಳೋಕೆ ತಿಣುಕ್ತಾರೆ, ನಮಗೆ ಸಲೀಸು. ಳ, ಣ, ಟ ಎಲ್ಲಾ ಇದೆ ಅವರಲ್ಲಿ, ಇಂಗ್ಲಿಷ್‌ನಲ್ಲಿ ಆರ್ ಎಲ್ ಅಂತ ಬರೆದಿದ್ರೆ ಅದು ನಮ್ಮ ಳ. ಹಾಗಂತ ಕನ್ನಡಕ್ಕೂ ಅದಕ್ಕೂ ನೆಂಟಸ್ತಿಕೆ ಅಂತ ನಾಳೆ ವಾಟ್ಸಾಪಲ್ಲಿ ಹಾಕ್ಬೇಡಿ, ನಾನು ಸದ್ದಿನ ಬಗ್ಗೆ ಮಾತ್ರ ಹೇಳ್ತಿರೋದು. ಇಂಗ್ಲಿಷ್‌ನಲ್ಲಿ ಟಿ ಜೆ ಅಂತ ಬರೆದಿರೋದನ್ನ ನಾನು ಜ ಅಂತಲೇ ಹೇಳ್ತೀನಿ.

ಈಗ ಜುಕುರ್ಪ. ಇಂಗ್ಲಿಷ್‌ನಲ್ಲಿ ಡ್ರೀಮಿಂಗ್ ಅಂತಾರೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಸ್ಪೆನ್ಸರ್, ಗಿಲ್ಲೆನ್ ಅಂತ ಇಬ್ಬರು ಬಿಳಿಯ ಸಂಶೋಧಕರು ಆಲಿಸ್ ಸ್ಪ್ರಿಂಗ್ಸ್ ಕಡೆಯ ಅರೆಂಟೆ ಜನರ ಒಂದು ಪದವನ್ನ ಹಾಗೆ ಇಂಗ್ಲಿಷಿಗೆ ತಂದ್ರು, ಅಂಟ್ಕೊಂಡ್ಬಿಡ್ತು. ಕನಸು ಅಂದ ತಕ್ಷಣ ನಾವು ಇದೇನೋ ಕಲ್ಪನೆ ಅಂದ್ಕೊಳ್ತೀವಿ. ಅವರ ಪ್ರಕಾರ ಪೂರ್ವಿಕರು, ಮನುಷ್ಯರೂ ಹೌದು ಪ್ರಾಣಿಗಳೂ ಹೌದು ಮಳೆ ಬೆಂಕಿಯೂ ಹೌದು, ಈ ನೆಲದ ಮೇಲೆ ನಡೆದು ಹೋದ್ರು, ಅವರು ಮಲಗಿದ ಕಡೆ ಗುಡ್ಡ ಆಯ್ತು, ಅಗೆದ ಕಡೆ ನೀರು ಬಂತು, ಹೊಡೆದಾಡಿದ ಕಡೆ ಬಂಡೆ ಉಳೀತು, ಹೇಗೆ ಬದುಕಬೇಕು, ಯಾರನ್ನ ಮದುವೆ ಆಗಬಹುದು ಅನ್ನೋ ಕಟ್ಟಳೆಯೂ ಅಲ್ಲೇ ಉಳೀತು. ಮುಗಿದು ಹೋದ ಕಾಲದ ಕಥೆ ಅಂತ ಅವರು ಅಂದ್ಕೊಂಡಿಲ್ಲ, ಪೂರ್ವಿಕರು ಈಗಲೂ ಆ ಜಾಗದಲ್ಲಿ ಇದ್ದಾರೆ.

ಒಂದು ಕಥೆ ಹೇಳ್ತೀನಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ವಳುಕುಳಙು ಅಂತ ಒಂದು ಜಾಗ. ಅಲ್ಲಿ ಲುಂಕಾಟ ಅನ್ನೋ ಮುದುಕ, ನೀಲಿ ನಾಲಿಗೆಯ ಹಲ್ಲಿ ಪೂರ್ವಿಕ, ಅವನಿಗೆ ಇಬ್ಬರು ಗಂಡು ಮಕ್ಕಳು. ಮಕ್ಕಳು ಬೇಟೆಗೆ ಹೋಗಿ ಕಾಂಗರೂ ಹೊಡೆದ್ರು, ಅಪ್ಪನಿಗೆ ಒಂದು ತುಂಡೂ ಇಡದೆ ಇಬ್ಬರೇ ತಿಂದು ಮುಗಿಸಿದ್ರು. ಮುದುಕನಿಗೆ ಗೊತ್ತಾಯ್ತು. ಪೊದೆಗೆ ಬೆಂಕಿ ಇಟ್ಟ. ಬೆಂಕಿ ಮಕ್ಕಳನ್ನ ದಕ್ಷಿಣಕ್ಕೆ ಅಟ್ಟಿಸ್ಕೊಂಡು ಹೋಯ್ತು, ಅವರು ಸೊಪ್ಪಿನ ಕೊಂಬೆಯಲ್ಲಿ ಬಡಿದು ಬಡಿದು ಆರಿಸೋಕೆ ನೋಡಿದ್ರು, ಆಗಲಿಲ್ಲ, ಸುಟ್ಟು ಹೋದ್ರು. ಅಷ್ಟೇ ಕಥೆ. ಹೊರಗಿನವರಿಗೆ ಹೇಳಬಹುದಾದಷ್ಟು ಕಥೆ ಅನ್ನಿ, ಒಳಗೆ ಇನ್ನೆಷ್ಟಿದೆಯೋ ಅದು ನಮ್ಮದಲ್ಲ.

ಈ ಕಥೆಯನ್ನ 1977ರಲ್ಲಿ ಕ್ಲಿಫರ್ಡ್ ಪಾಸಮ್ ಜಪಲ್ಜಾರಿ ದೊಡ್ಡ ಕ್ಯಾನ್ವಾಸ್ ಮೇಲೆ ಬಿಡಿಸಿದ್ರು, ವಾರ್ಲುಗುಲಾಂಗ್ ಅಂತ ಅದರ ಹೆಸರು, ಆ ಜಾಗದ ಹೆಸರನ್ನೇ ಇಂಗ್ಲಿಷ್‌ನಲ್ಲಿ ಹಾಗೆ ಬರೆದಿದ್ದು. ಬೆಂಕಿಯ ಕಥೆ ಒಂದೇ ಅಲ್ಲ, ಆ ಸೀಮೆಯಲ್ಲಿ ಹಾದು ಹೋಗೋ ಬೇರೆ ಪೂರ್ವಿಕರ ದಾರಿಗಳೂ ಒಂದರ ಮೇಲೊಂದು ಹಾಯ್ತವೆ. ಬ್ಯಾಂಕೊಂದು 1,200 ಡಾಲರ್‌ಗೆ ತಗೊಂಡು ತನ್ನ ಟ್ರೈನಿಂಗ್ ಸೆಂಟರ್‌ನ ಕ್ಯಾಂಟೀನ್ ಗೋಡೆಗೆ ಹಾಕ್ತು, ವರ್ಷಗಟ್ಟಲೆ ಜನ ಅದರ ಕೆಳಗೆ ಕೂತು ಸ್ಯಾಂಡ್‌ವಿಚ್ ತಿಂದ್ರು. 1996ರಲ್ಲಿ 36,000 ಡಾಲರ್‌ಗೆ ಕೈ ಬದಲಾಯ್ತು. 2007ರಲ್ಲಿ ಹರಾಜಲ್ಲಿ 24 ಲಕ್ಷ ಡಾಲರ್, ಈಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕ್ಲಿಫರ್ಡ್ 2002ರಲ್ಲೇ ತೀರ್ಕೊಂಡಿದ್ರು. ಹಂಚ್ಕೊಳ್ದೆ ತಿಂದವರ ಕಥೆಯ ಚಿತ್ರಕ್ಕೇ ಹೀಗಾಯ್ತು ನೋಡಿ, ನಾನು ಹೆಚ್ಚೇನೂ ಹೇಳಲ್ಲ.

ಜಪಲ್ಜಾರಿ ಅಂದ್ನಲ್ಲ, ಅದು ಸರ್‌ನೇಮ್ ಅಲ್ಲ. ನಮ್ಮ ಕಡೆ ಬೆಡಗು ಅಂತೀವಲ್ಲ ಅದಕ್ಕೆ ಸ್ವಲ್ಪ ಹತ್ತಿರ, ಆದ್ರೆ ಇನ್ನೂ ತಿರುಚು. ಎಂಟು ಗುಂಪು, ಗಂಡಸರದು ಜದಿಂದ ಶುರು, ಹೆಂಗಸರದು ನದಿಂದ, ಜಪಲ್ಜಾರಿ ಅಕ್ಕತಂಗಿ ನಪಲ್ಜಾರಿ. ಅಪ್ಪ ಜಪಲ್ಜಾರಿ ಆದ್ರೆ ಮಗ ಜುಂಗುರಾಯಿ, ಮೊಮ್ಮಗ ಮತ್ತೆ ಜಪಲ್ಜಾರಿ. ಯಾರು ಯಾರಿಗೆ ಏನಾಗ್ಬೇಕು, ಯಾರ ಜೊತೆ ಮಾತಾಡಬಾರದು, ಎಲ್ಲಾ ಇದರಲ್ಲೇ.

ಇನ್ನು ಹಕ್ಕಿನ ವಿಷಯ, ಇದು ಮುಖ್ಯ, ಸ್ವಲ್ಪ ಗಮನ ಕೊಡಿ. ಆ ಮರುಭೂಮಿಯ ವಳ್ಪಿರಿ ಜನರಲ್ಲಿ ಒಂದು ಜಾಗಕ್ಕೆ, ಅದರ ಕಥೆಗೆ, ಹಾಡಿಗೆ, ಚಿತ್ರಕ್ಕೆ ಎರಡು ಥರದ ವಾರಸುದಾರರು. ಅಪ್ಪನ ಕಡೆಯಿಂದ ಬಂದವರು ಕಿಡಾ, ತಾಯಿಯ ಕಡೆಯಿಂದ ಬಂದವರು ಕುಡುಙುಳು. ಕಿಡಾ ಒಡೆಯರು, ಆದ್ರೆ ಒಡೆಯರು ಅಂತ ತಮ್ಮಿಷ್ಟಕ್ಕೆ ಬಿಡಿಸೋ ಹಾಗಿಲ್ಲ, ಕುಡುಙುಳು ಪಕ್ಕದಲ್ಲಿ ಕೂತು ಸರಿ ಇದೆಯಾ ತಪ್ಪಾಗ್ತಿದೆಯಾ ನೋಡ್ಬೇಕು, ಇಂಗ್ಲಿಷ್‌ನಲ್ಲಿ ಅವರು ಇದನ್ನ ಪೊಲೀಸ್‌ಮನ್ ಅಂತಲೂ ಹೇಳ್ತಾರೆ. ಸೋದರಳಿಯ ಸೋದರಮಾವನ ಆಸ್ತಿಗೆ ಆಡಿಟರ್ ಆದ ಹಾಗೆ. ನಮ್ಮಪ್ಪನ ಊರಿಗೆ ನಾನು ಕಿಡಾ ಆದ್ರೆ ನಮ್ಮಮ್ಮನ ಊರಿಗೆ ನಾನೇ ಕುಡುಙುಳು, ಎರಡೂ ಜವಾಬ್ದಾರಿ ಪ್ರತಿಯೊಬ್ಬರ ತಲೆ ಮೇಲೆ. ಒಬ್ಬನೇ ಕಲಾವಿದ ಸ್ಟುಡಿಯೋ ಬಾಗಿಲು ಹಾಕ್ಕೊಂಡು ಸೃಷ್ಟಿ ಮಾಡೋದು ಅನ್ನೋ ನಮ್ಮ ಲೆಕ್ಕ ಇಲ್ಲಿ ನಡೆಯೋದೇ ಇಲ್ಲ.

"ಮರಳಲ್ಲಿ ಇದ್ದದ್ದು ಕ್ಯಾನ್ವಾಸಿಗೆ ಯಾವಾಗ, ಎಲ್ಲಿ ಬಂತು?" ಅಂತ ಇಲ್ಲಿ ಒಬ್ರು ಕೇಳಿದ್ರು. ಪಪುನ್ಯಾದಲ್ಲಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿಲೋಮೀಟರ್ ಪಶ್ಚಿಮಕ್ಕೆ ಸರ್ಕಾರ ಕಟ್ಟಿದ ಕಾಲೊನಿ. ಪಿಂಟುಪಿ, ಲುರಿಜ, ವಳ್ಪಿರಿ, ಅನ್ಮಜೆರೆ, ಅರೆಂಟೆ, ಬೇರೆ ಬೇರೆ ಭಾಷೆಯ ಜನರನ್ನ ಒಂದೇ ಕಡೆ ತಂದು ಹಾಕಿ, ಬಿಳಿಯರ ಥರ ಬದುಕೋದು ಕಲಿಸ್ತೀವಿ ಅಂತ. ಪಿಂಟುಪಿಗಳನ್ನ 1960ರ ದಶಕದಲ್ಲಿ ನೂರಾರು ಕಿಲೋಮೀಟರ್ ಪಶ್ಚಿಮದಿಂದ ಲಾರಿಗಳಲ್ಲಿ ತಂದ್ರು. ಕಾಯಿಲೆ, ಜಗಳ, ಸಾವು. ತಮ್ಮ ನೀರು ಬಿಟ್ಟು ಬಂದವರು ಬೇರೆಯವರ ಜೇನಿರುವೆ ಜಾಗದಲ್ಲಿ ಕೂತಿದ್ದಾರೆ, ಯಾಕಂದ್ರೆ ಪಪುನ್ಯಾ ಅನ್ನೋದು ಜೇನಿರುವೆ ಜುಕುರ್ಪದ ಜಾಗ.

1971ರಲ್ಲಿ ಜೆಫ್ರಿ ಬಾರ್ಡನ್ ಅನ್ನೋ ಮೇಷ್ಟ್ರು ಅಲ್ಲಿಯ ಸ್ಕೂಲಿಗೆ ಬಂದ್ರು. ಮಕ್ಕಳು ಕ್ಲಾಸಲ್ಲಿ ಕೌಬಾಯ್ ಚಿತ್ರ ಬಿಡಿಸಿ ಹೊರಗೆ ಹೋಗಿ ಮರಳಲ್ಲಿ ಬೇರೇನೇ ಗೀಚ್ತಾರೆ, ಇದನ್ನ ನೋಡಿ ಸ್ಕೂಲ್ ಗೋಡೆ ಮೇಲೆ ಅದನ್ನೇ ಬಿಡಿಸೋಣ ಅಂದ್ರು. ಕೊನೆಗೆ ಗೋಡೆ ಹತ್ರ ಬಂದಿದ್ದು ಮಕ್ಕಳಲ್ಲ, ಹಿರಿಯರು, ಅವರಲ್ಲಿ ಸ್ಕೂಲಲ್ಲಿ ಕಸ ಗುಡಿಸಿ ಗಿಡ ನೋಡ್ಕೊಳ್ತಿದ್ದವರೂ ಇದ್ರು. ಕಾಪಾ ಜಂಪಿಜಿನ್ಪ ಅನ್ನೋವ್ರು ಜೇನಿರುವೆಯನ್ನ ಮೊದಲು ಬಿಳಿಯರ ಪುಸ್ತಕದಲ್ಲಿ ಇರೋ ಥರ ಕಾಲು ಮೀಸೆ ಸಮೇತ ಬಿಡಿಸಿದ್ರು. ಇದು ನಿಮ್ಮ ಇರುವೆನಾ ಅಂತ ಮೇಷ್ಟ್ರು ಕೇಳಿದಾಗ, ಹಿರಿಯರು ತಮ್ಮೊಳಗೆ ಮಾತಾಡಿ, ಆ ಇರುವೆ ಅಳಿಸಿ ತಮ್ಮ ಗುರುತು ಹಾಕಿದ್ರು. ಅದಕ್ಕೂ ಮುಂಚೆ ಆ ಜುಕುರ್ಪದ ಒಡೆಯರ ಅಪ್ಪಣೆ ತಗೊಂಡಿದ್ರು. ಸರ್ಕಾರಿ ಸ್ಕೂಲ್ ಗೋಡೆ, ಸರ್ಕಾರಿ ಪೇಂಟ್, ಆದ್ರೆ ಪರ್ಮಿಷನ್ ಬೇಕಾಗಿದ್ದು ಅಲ್ಲಿಯ ಒಬ್ಬ ಮುದುಕನ ಹತ್ರ, ಇದನ್ನ ನಾನು ಎಷ್ಟು ಸಲ ಓದಿದ್ರೂ ಖುಷಿ ಆಗುತ್ತೆ. ಕೆಲವೇ ವರ್ಷದಲ್ಲಿ ಆ ಗೋಡೆಗೆ ಯಾರೋ ಬಣ್ಣ ಬಳಿದು ಮುಚ್ಚಿಬಿಟ್ರು.

ಆದ್ರೆ ಕೈ ಮೊದಲಿಂದಲೂ ಗೋಡೆಗೇ ನಿಂತಿರಲಿಲ್ಲ. ಸಿಕ್ಕ ಸಿಕ್ಕ ಹಲಗೆ, ಹಾರ್ಡ್‌ಬೋರ್ಡ್ ತುಂಡು, ಹಣ್ಣಿನ ಪೆಟ್ಟಿಗೆ, ನೆಲದ ಟೈಲ್, ಒಂದೂವರೆ ಎರಡು ವರ್ಷದಲ್ಲಿ ನೂರಾರು ಚಿತ್ರ. 1971ರ ಆಗಸ್ಟಲ್ಲೇ ಕಾಪಾಗೆ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ಕಲಾ ಬಹುಮಾನ ಬಂತು. 1972ರಲ್ಲಿ ಪಪುನ್ಯಾ ತುಲಾ ಅಂತ ಕಲಾವಿದರದೇ ಕಂಪನಿ ಆಯ್ತು, ಇವತ್ತಿಗೂ ಅವರದೇ. ಬಾರ್ಡನ್ ಅದೇ ವರ್ಷ ಊರು ಬಿಟ್ರು, ಆರೋಗ್ಯ ಕೆಟ್ಟಿತ್ತು, ಅಧಿಕಾರಿಗಳ ಜೊತೆ ತಿಕ್ಕಾಟ ಬೇರೆ. ಎಲ್ಲವನ್ನೂ ಮೇಷ್ಟ್ರೇ ಹುಟ್ಟಿಸಿದ್ರು ಅನ್ನೋ ಥರ ಕೆಲವರು ಬರೀತಾರೆ, ಅದು ನಂಗೆ ಅಷ್ಟು ಸರಿ ಕಾಣಲ್ಲ. ಅವರು ಪೇಂಟ್ ಕೊಟ್ರು, ಗೌರವ ಕೊಟ್ರು, ಅದೇ ದೊಡ್ಡದು. ಊರಿಂದ ದೂರ ಬಂದು ಬಿದ್ದ ಮುದುಕರಿಗೆ ತಮ್ಮ ನೀರಿನ ಹೆಸರು ಹೇಳ್ಕೋಬೇಕಾಗಿತ್ತು, ಮಕ್ಕಳು ಆ ಜಾಗ ನೋಡೇ ಇರ್ಲಿಲ್ಲ.

ಆದ್ರೆ ಒಂದು ಎಡವಟ್ಟಾಯ್ತು. ಮೊದಮೊದಲ ಹಲಗೆಗಳಲ್ಲಿ ದೀಕ್ಷೆ ಆದ ಗಂಡಸರು ಮಾತ್ರ ನೋಡಬಹುದಾದ ವಸ್ತುಗಳು, ಆಚರಣೆಗಳು ಬಂದುಬಿಟ್ಟವು. ಪಪುನ್ಯಾದಲ್ಲಿ ಬಿಡಿಸಿದವರಿಗೆ ಇವು ದೂರದ ಊರುಗಳ ಗೋಡೆ ಮೇಲೆ, ಹೆಂಗಸರು ಮಕ್ಕಳು ಓಡಾಡೋ ಕಡೆ ನೇತಾಡ್ತವೆ ಅನ್ನೋ ಅಂದಾಜು ಇರ್ಲಿಲ್ಲ. ಬೇರೆ ಊರಿನ ಹಿರಿಯರು ಕೆಂಡ ಆದ್ರು. ಆಮೇಲೆ ಕಲಾವಿದರು ಹುಷಾರಾದ್ರು, ಆ ವಸ್ತುಗಳು ಚಿತ್ರದಿಂದ ಮಾಯ ಆದವು, ಚುಕ್ಕಿಗಳು ಹೆಚ್ಚಾದವು. ಚುಕ್ಕಿ ಹೊಸದೇನಲ್ಲ, ಮೈಮೇಲೆ, ನೆಲದ ಮೇಲೆ ಆಚರಣೆಗಳಲ್ಲಿ ಮುಂಚಿಂದ ಇತ್ತು, ಆದ್ರೆ ಕ್ಯಾನ್ವಾಸ್ ತುಂಬಾ ಮಂಜಿನ ಥರ ಹರಡೋದಕ್ಕೆ ಮುಚ್ಚಿಡೋದು ಒಂದು ಕಾರಣ. ಹಾಗಾಗಿ ಇನ್ನು ಮುಂದೆ ಚುಕ್ಕಿ ನೋಡಿ ಎಷ್ಟು ಚೆಂದ ಅನ್ನೋವಾಗ ಅದು ಬಾಗಿಲಿಗೆ ಹಾಕಿದ ಪರದೆಯೂ ಇರಬಹುದು ಅಂತ ನೆನಪಿರಲಿ. 2017ರಲ್ಲಿ ಡಾರ್ವಿನ್ ಮ್ಯೂಸಿಯಂನಲ್ಲಿ ಆ ಹಳೇ ಹಲಗೆಗಳ ಪ್ರದರ್ಶನ ಮಾಡ್ದಾಗ ಯಾವುದನ್ನ ತೋರಿಸೋದು ಯಾವುದನ್ನ ಒಳಗೇ ಇಡೋದು ಅಂತ ಹಿರಿಯರನ್ನ ಕೇಳ್ಕೊಂಡೇ ಮಾಡಿದ್ರು.

ಹೆಂಗಸರ ಬಗ್ಗೆ ಇವತ್ತು ಕಮ್ಮಿ ಹೇಳ್ತಿದೀನಿ, ಅದೇ ಇನ್ನೊಂದು ದಿನದ ಮಾತು. ಎಮಿಲಿ ಕಾಮೆ ಕ್ಙ್ವಾರಯೆ ಒಬ್ರ ಹೆಸರಾದ್ರೂ ಹೇಳ್ಬಿಡ್ತೀನಿ, ಯುಟೋಪಿಯಾ ಅನ್ನೋ ಕಡೆಯವರು, ಅವರ ನಾಡು ಅಲ್ಹಾಲ್ಕೆರೆ. 1977ರಿಂದ ಬಾಟಿಕ್ ಮಾಡ್ತಿದ್ರು, ಎಪ್ಪತ್ತೆಂಟು ವರ್ಷ ವಯಸ್ಸಿನ ಆಸುಪಾಸಿನಲ್ಲಿ ಕ್ಯಾನ್ವಾಸ್ ಹಿಡಿದ್ರು, 1996ರಲ್ಲಿ ತೀರಿಕೊಳ್ಳೋ ಅಷ್ಟರಲ್ಲಿ, ಎಂಟು ವರ್ಷದಲ್ಲಿ, ಸುಮಾರು 3,000 ಚಿತ್ರ. ಕಾಮೆ ಅಂದ್ರೆ ಒಂದು ಕಾಡುಗೆಣಸಿನ ಬೀಜ. ನಮ್ಮ ಇದೇ ಮೆಲ್ಬರ್ನ್‌ನ ವಿಕ್ಟೋರಿಯಾ ಗ್ಯಾಲರಿಯಲ್ಲಿ ಅವರ ಗೆಣಸಿನ ಬಳ್ಳಿ ಚಿತ್ರ ಇದೆ, ಮೂರು ಮೀಟರ್ ಎತ್ತರ ಎಂಟು ಮೀಟರ್ ಅಗಲ, ಕಪ್ಪು ಮೇಲೆ ಬಿಳಿ ಗೆರೆ, ಬರೀ ಗೆರೆ. ನೆಲದ ಕೆಳಗೆ ಬೇರು ಹರಡಿದ ಹಾಗೆ, ಮೇಲೆ ಮಣ್ಣು ಬಿರುಕು ಬಿಟ್ಟ ಹಾಗೆ. ಏನು ಬಿಡಿಸ್ತೀರಿ ಅಂತ ಕೇಳಿದ್ರೆ ಅವರು ಎಲ್ಲಾ, ಪೂರ್ತಿ ಎಲ್ಲಾ ಅಂತಿದ್ರು, ಗೆಣಸು, ಹಲ್ಲಿ, ಹುಲ್ಲಿನ ಬೀಜ, ಎಮು ಎಲ್ಲಾ. ಎರಡು ಸಲ ಹೋಗಿ ನೋಡಿ, ಮಕ್ಕಳನ್ನ ಕರ್ಕೊಂಡು ಹೋಗಿ, ಟಿಕೆಟ್ ಇಲ್ಲ.

ಈಗ ನನ್ನ ತಲೆ ಕೆಡಿಸಿದ ಚಿತ್ರಕ್ಕೆ ಬರ್ತೀನಿ. ಅದಕ್ಕೂ ಮುಂಚೆ ನಮ್ಮ ತಾತನ ವಿಷಯ. ತಾತ ಶ್ಯಾನುಭೋಗರು. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳು, ಜಿರಳೆ ವಾಸನೆ. ಜಮೀನಿನ ಯಾವ ಕಾಗದ ತೆಗೆದ್ರೂ ಮೊದಲು ಓದ್ತಿದ್ದದ್ದು ಚಕ್ಕುಬಂದಿ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಬಂಡಿ ದಾರಿ, ದಕ್ಷಿಣಕ್ಕೆ ಖುದ್ದು. ಅಂದ್ರೆ ನಮ್ಮ ಲೆಕ್ಕದಲ್ಲಿ ಜಮೀನು ಅನ್ನೋದು ಅಂಚಿನಿಂದ ಶುರುವಾಗುತ್ತೆ, ನಾಲ್ಕು ಕಲ್ಲು ನೆಟ್ಟ ಮೇಲೆ ಒಳಗಿರೋದು ನಮ್ಮದು. ಬ್ರಿಟಿಷರ ಕಾನೂನೂ ಅದೇ, ಆಸ್ಟ್ರೇಲಿಯಾದ ಕೋರ್ಟೂ ಅದೇ.

1992ರಲ್ಲಿ ಮಾಬೋ ತೀರ್ಪು ಬಂತು, ಇಂಗ್ಲಿಷರು ಬರೋ ಮುಂಚೆ ಈ ನೆಲ ಯಾರದೂ ಆಗಿರಲಿಲ್ಲ ಅನ್ನೋದು ಸುಳ್ಳು ಅಂತ ಹೈಕೋರ್ಟ್, ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್, ಒಪ್ಕೊಳ್ತು, 1993ರಲ್ಲಿ ನೇಟಿವ್ ಟೈಟಲ್ ಕಾಯ್ದೆ, ಅಂದ್ರೆ ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲಿರೋ ಹಕ್ಕನ್ನ ಗುರುತಿಸೋ ಕಾಯ್ದೆ, ಆಯ್ತು. ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ, ವಲ್ಮಾಜಾರಿ, ವಂಕಾಜುಂಗಾ, ಮಂಗಲಾ, ಜುವಾಲಿನಿ ಭಾಷೆಯವರು, ಅರ್ಜಿ ಹಾಕಿದ್ರು. ಇವರಲ್ಲಿ ಬಹಳ ಜನ ದಶಕಗಳ ಹಿಂದೆ ಉತ್ತರಕ್ಕೆ ಫಿಟ್ಜ್‌ರಾಯ್ ಕ್ರಾಸಿಂಗ್ ಕಡೆ ದನದ ದೊಡ್ಡಿಗಳಿಗೆ ಹೋಗಿ ಸೇರಿದವರು. ಈಗ ಸಾಬೀತು ಮಾಡಬೇಕು, ನೆಲ ನಿಮ್ಮದು ಅನ್ನೋದಕ್ಕೆ ಏನಿದೆ? ವಕೀಲರ ಇಂಗ್ಲಿಷ್ ಹಿರಿಯರಿಗೆ ಅರ್ಥ ಆಗಲ್ಲ, ಹಿರಿಯರ ಮಾತು ವಕೀಲರಿಗೆ ಅರ್ಥ ಆಗಲ್ಲ. ಹಾಗಾದ್ರೆ ಬಿಡಿಸಿ ತೋರಿಸೋಣ ಅಂತ ಅವರೇ ಯೋಚಿಸಿದ್ರು.

1997ರಲ್ಲಿ ಪಿರ್ನಿನಿ ಅನ್ನೋ ಕಡೆ ಎಂಟು ಮೀಟರ್ ಹತ್ತು ಮೀಟರ್ ಕ್ಯಾನ್ವಾಸ್ ನೆಲದ ಮೇಲೆ ಹಾಸಿದ್ರು. ನಲವತ್ತಕ್ಕೂ ಹೆಚ್ಚು ಜನ. ಯಾರೂ ಸುತ್ತಲ ಗಡಿ ಗೆರೆ ಎಳೆಯಲಿಲ್ಲ. ಪ್ರತಿಯೊಬ್ಬರೂ ತಮ್ಮ ನೀರಿನ ಜಾಗ ಎಲ್ಲಿ ಬರುತ್ತೋ ಅಲ್ಲಿ ಕೂತು ಅದರಿಂದ ಶುರು ಮಾಡಿದ್ರು. ಬತ್ತದ ನೀರಿಗೆ ಜಿಲ ಅಂತಾರೆ, ಅದರೊಳಗೆ ಹಾವಿನ ರೂಪದಲ್ಲಿ ಪೂರ್ವಿಕರು ಇರ್ತಾರೆ, ಹತ್ರ ಹೋಗೋವಾಗ ನಾನು ಇಂಥವನು ಬರ್ತಿದೀನಿ ಅಂತ ಕೂಗಿ ಹೇಳ್ಕೊಂಡು ಹೋಗ್ಬೇಕು, ಹೊಸಬರಿದ್ರೆ ಪರಿಚಯ ಮಾಡಿಸ್ಬೇಕು. ಅವನ ಜಿಲದಿಂದ ಹೊರಟ ಬಣ್ಣ ಇವಳ ಜಿಲದಿಂದ ಹೊರಟ ಬಣ್ಣಕ್ಕೆ ಎಲ್ಲೋ ಮಧ್ಯದಲ್ಲಿ ಬಂದು ಸೇರುತ್ತೆ. ಅಲ್ಲಿ ಕಲ್ಲು ನೆಟ್ಟಿಲ್ಲ, ಆ ಮಧ್ಯದ ಜಾಗ ಇಬ್ಬರಿಗೂ ಗೊತ್ತು. ನೋಡಿ, ಇದೇ ನಂಗೆ ಹೊಡೆದಿದ್ದು. ತಾತನ ಕಾಗದ ಅಂಚಿಂದ ಒಳಗೆ ಬರುತ್ತೆ, ಇವರ ಕಾಗದ ನೀರಿಂದ ಹೊರಗೆ ಹೋಗುತ್ತೆ. ಮರುಭೂಮಿಯಲ್ಲಿ ಅಂಚು ಇಟ್ಕೊಂಡು ಏನು ಮಾಡ್ತೀರಿ, ನೀರು ಗೊತ್ತಿದ್ದವನು ಬದುಕ್ತಾನೆ, ಅಷ್ಟೇ.

ನೇಟಿವ್ ಟೈಟಲ್ ಅರ್ಜಿ ನೋಡೋ ಟ್ರಿಬ್ಯುನಲ್‌ನವರು ಬಂದಾಗ ಕ್ಯಾನ್ವಾಸ್ ನೆಲದ ಮೇಲೆ ಇತ್ತು. ಒಬ್ಬೊಬ್ಬರಾಗಿ ಎದ್ದು ಬಂದು, ಚಿತ್ರದ ಮೇಲೆ ಕಾಲಿಟ್ಟು, ತಮ್ಮ ನೀರಿನ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಹೇಳಿದ್ರು, ಇದು ನನ್ನ ಜಾಗ, ಇದನ್ನ ನಾನು ಹೀಗೆ ಬಲ್ಲೆ. ಚಿತ್ರದ ಮೇಲೆ ಕಾಲಿಡೋದಾ ಅಂತ ನಮಗೆ ಒಂಥರಾ ಆಗುತ್ತೆ, ಅವರಿಗೆ ಆಗಲ್ಲ, ಅದು ನೆಲ. ನಾನು ಇದರ ಫೋಟೋ ನೋಡ್ದಾಗ ತಾತ ನೆನಪಾದ್ರು, ಸರ್ವೆ ನಕ್ಷೆ ಮೇಲೆ ಊರಿನವರೆಲ್ಲ ಹತ್ತಿ ನಿಂತಿದ್ರೆ ಹೆಂಗಿರುತ್ತೆ ಅಂತ. ಒಳ್ಳೇ ಪ್ರಶ್ನೆ, ಹಾಂ, ಸುಳ್ಳು ಹೇಳಿದ್ರೆ? ಅದಕ್ಕೇ ಆಗ ಹೇಳಿದ್ನಲ್ಲ, ಗೊತ್ತಿರೋ ಜನ ಪಕ್ಕದಲ್ಲೇ ಇರ್ತಾರೆ. ಎಲ್ಲರ ಮುಂದೆ ಇನ್ನೊಬ್ಬರ ನೀರಿನ ಮೇಲೆ ನಿಂತು ನನ್ನದು ಅನ್ನೋ ಧೈರ್ಯ ಯಾರಿಗಿದೆ. ನಮ್ಮಲ್ಲಿ ತಹಸೀಲ್ದಾರ್ ಆಫೀಸಲ್ಲಿ ಆ ಧೈರ್ಯ ಸುಮಾರು ಜನಕ್ಕಿದೆ, ಬಿಡಿ.

ಹತ್ತು ವರ್ಷ ಹಿಡೀತು. 2007ರ ನವೆಂಬರ್ 9ಕ್ಕೆ ಫೆಡರಲ್ ಕೋರ್ಟ್ ಅದೇ ಪಿರ್ನಿನಿಗೆ ಬಂದು ಅವರ ಹಕ್ಕು ಒಪ್ಪಿ ತೀರ್ಮಾನ ಹೇಳ್ತು, ಸುಮಾರು 77,000 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಐದರಲ್ಲಿ ಎರಡು ಪಾಲು. ಅಷ್ಟರಲ್ಲಿ ಕ್ಯಾನ್ವಾಸ್ ಮೇಲೆ ನಿಂತು ಮಾತಾಡಿದವರಲ್ಲಿ ಎಷ್ಟೋ ಜನ ತೀರಿಹೋಗಿದ್ರು. ನೇಟಿವ್ ಟೈಟಲ್ ಅಂದ್ರೆ ನಾವು ಅಂದ್ಕೊಳ್ಳೋ ಥರ ಮಾರೋ ಹಕ್ಕಿರೋ ಖಾತೆ ಅಲ್ಲ, ಅದರದ್ದು ಬೇರೆ ತಲೆನೋವುಗಳಿವೆ, ಅದಕ್ಕೆ ಇವತ್ತು ಹೋಗಲ್ಲ. ಚಿತ್ರದ ಹೆಸರು ಙುರರಾ, ಆ ಙುರದಿಂದಲೇ ಬಂದಿದ್ದು, ಆ ನಾಡಿನವರು ಅಂತ.

ದುಡ್ಡಿನ ವಿಷಯ ಕೇಳಿದ್ರಲ್ಲ ಹಿಂದಿನಿಂದ. ಜಾನಿ ವರಂಕುಲ ಜುಪುರುಲ ಅಂತ ಇನ್ನೊಬ್ಬ ಪಪುನ್ಯಾ ಹಿರಿಯರು, ಕಲಿಪಿನ್ಪ ಅನ್ನೋ ಜಾಗದ ಮಳೆಯ ಚಿತ್ರ 1972ರಲ್ಲಿ 150 ಡಾಲರ್‌ಗೆ ಹೋಗಿದ್ದು 1997ರಲ್ಲಿ 2,06,000ಕ್ಕೆ, 2000ದಲ್ಲಿ 4,86,500ಕ್ಕೆ ಹರಾಜಾಯ್ತು. ಅವರು ಆಗ ಬದುಕಿದ್ರು, ಮುದುಕರು, ಕಣ್ಣು ಮಂಜಾಗಿತ್ತು, ಕಾನೂನು ಪ್ರಕಾರ ಒಂದು ಸೆಂಟೂ ಬರಬೇಕಾಗಿರಲಿಲ್ಲ. ಇಂಥವೆಲ್ಲ ಆಗಿ ಆಗಿ 2010ರ ಜೂನ್‌ನಿಂದ ಒಂದು ಕಾನೂನು ಬಂದಿದೆ, 1,000 ಡಾಲರ್ ಮೇಲ್ಪಟ್ಟು ಮರುಮಾರಾಟ ಆದ್ರೆ ಶೇಕಡ 5 ಕಲಾವಿದರಿಗೆ ಅಥವಾ ವಾರಸುದಾರರಿಗೆ. ಅದಕ್ಕೂ ಮುಂಚೆ ಕೊಂಡಿದ್ದಾದ್ರೆ ಮೊದಲ ಮರುಮಾರಾಟಕ್ಕೆ ಅನ್ವಯಿಸಲ್ಲ. ಅಂತೂ ಸ್ವಲ್ಪ.

ಆದ್ರೆ ಚಿತ್ರದ ದುಡ್ಡು ನೆಲಕ್ಕೇ ವಾಪಸ್ ಹೋದ ಕಥೆಯೂ ಒಂದಿದೆ. ಪಿಂಟುಪಿಗಳು 1981ರಲ್ಲಿ ಪಪುನ್ಯಾ ಬಿಟ್ಟು ಪಶ್ಚಿಮಕ್ಕೆ ಕಿಂಟೋರ್‌ಗೆ, ಆಮೇಲೆ ಇನ್ನೂ ಮುಂದೆ ಕಿವಿರ್ಕುರಾಗೆ, ತಮ್ಮ ನೆಲಕ್ಕೆ ಹೋಗಿ ಊರು ಕಟ್ಕೊಂಡ್ರು. ಅಷ್ಟು ದೂರ ಹೋದ ಮೇಲೆ ಬಂತು ಕಿಡ್ನಿ ಕಾಯಿಲೆ. ಡಯಾಲಿಸಿಸ್ ಇರೋದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ಐನೂರು ಕಿಲೋಮೀಟರ್ ಆಚೆ, ವಾರಕ್ಕೆ ಮೂರು ಸಲ ಬೇಕು, ಅಂದ್ರೆ ಊರು ಬಿಟ್ಟು ಅಲ್ಲೇ ಹೋಗಿ ಸಾಯೋವರೆಗೂ ಇರ್ಬೇಕು. ಕಥೆ ಹಾಡು ಎಲ್ಲಾ ಗೊತ್ತಿರೋ ಹಿರಿಯರೇ ಊರು ಬಿಟ್ರೆ ಮಕ್ಕಳಿಗೆ ಜಾಗ ತೋರಿಸೋರು ಯಾರು? ಎರಡೂ ಊರಿನ ಗಂಡಸರದು ಒಂದೊಂದು, ಹೆಂಗಸರದು ಒಂದೊಂದು, ನಾಲ್ಕು ದೊಡ್ಡ ಕ್ಯಾನ್ವಾಸ್ ಕೂಡಿ ಬಿಡಿಸಿದ್ರು. 2000ದ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿ ಇವನ್ನೂ ಬೇರೆ ಚಿತ್ರಗಳನ್ನೂ ಹರಾಜು ಹಾಕಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಎತ್ತಿದ್ರು, 2004ರಲ್ಲಿ ಕಿಂಟೋರ್‌ನಲ್ಲೇ ಮೆಷಿನ್ ಶುರುವಾಯ್ತು. ಪರ್ಪಲ್ ಹೌಸ್ ಅಂತ ಆ ಸಂಸ್ಥೆ ಈಗ ಎಷ್ಟೋ ದೂರದ ಊರುಗಳಲ್ಲಿ ಡಯಾಲಿಸಿಸ್ ಮಾಡುತ್ತೆ, ಲಾರಿ ಮೇಲೂ ಮೆಷಿನ್ ಇಟ್ಕೊಂಡು ಹೋಗ್ತಾರೆ.

ಕೊನೇ ಪ್ರಶ್ನೆ ತಗೋತೀನಿ, ಊಟ ಆರುತ್ತೆ. "ನಾವೂ ಒಂದು ತಗೊಂಡು ಮನೇಲಿ ಹಾಕ್ಬೋದಾ?" ಹಾಕ್ಬೋದು, ಅವರು ಮಾರೋದಕ್ಕೇ ಬಿಡಿಸಿರೋದು, ಹೊರಗಿನವರು ನೋಡಬಹುದಾದಷ್ಟನ್ನೇ ಹಾಕಿರ್ತಾರೆ. ಏರ್‌ಪೋರ್ಟ್‌ನಲ್ಲಿ ಸಿಗೋ ಬೂಮರಾಂಗ್, ಮ್ಯಾಗ್ನೆಟ್ ತಗೋಬೇಡಿ, ಅಂಥ ಸಾಮಾನಲ್ಲಿ ಅರ್ಧಕ್ಕಿಂತ ಹೆಚ್ಚು ಅವರು ಮಾಡಿದ್ದೇ ಅಲ್ಲ. ಊರಿನವರದೇ ಆರ್ಟ್ ಸೆಂಟರ್‌ನಿಂದ ತಗೊಳ್ಳಿ, ಜೊತೆಗೆ ಒಂದು ಕಾಗದ ಕೊಡ್ತಾರೆ, ಯಾರು ಬಿಡಿಸಿದ್ದು, ಯಾವ ಜಾಗ, ಯಾವ ಜುಕುರ್ಪ ಅಂತ. ಚಿತ್ರ ಮಾಸಿದ್ರೂ ಪರ್ವಾಗಿಲ್ಲ, ಆ ಕಾಗದ ಕಳೀಬೇಡಿ.

ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ಚಿಕ್ಕದು ತಗೊಂಡಾಗ ಮಾರೋರನ್ನ ಕೇಳ್ದೆ, ಇದರಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಅಂತ. ನಕ್ಕರು. ನೆಲದ ಮೇಲೆ ಇಟ್ಕೊಂಡು ಸುತ್ತ ಓಡಾಡ್ಕೊಂಡು ಬಿಡಿಸ್ತಾರೆ, ಮೇಲೆ ಕೆಳಗೆ ಇಲ್ಲ, ಆದ್ರೆ ಬಿಡಿಸಿದವರನ್ನ ಕೇಳಿದ್ರೆ ಉತ್ತರ ದಿಕ್ಕು ಯಾವ ಕಡೆ ಅಂತ ಹೇಳ್ತಾರೆ ಅಂದ್ರು. ಕಾಗದದ ಹಿಂದೆ ಪೆನ್ಸಿಲಲ್ಲಿ ಬಾಣ ಹಾಕಿಸ್ಕೊಂಡು ಬಂದೆ. ನಮ್ಮ ಹಾಲ್‌ನಲ್ಲಿ ಉತ್ತರದ ಗೋಡೆ ಖಾಲಿ ಇರ್ಲಿಲ್ಲ, ಟೀವಿ ಇತ್ತು. ಈಗ ಟೀವಿ ಪಕ್ಕದ ರೂಮಲ್ಲಿದೆ, ಮನೆಯವರು ಇನ್ನೂ ಬೈತಾರೆ.